ಇಳಿದೈತೇನು ಎಂದು ಕೇಳುತ್ತಿದ್ದ ಮೇಸ್ತ್ರಿ

ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮುನ್ನ ಕಬ್ಬಿಣದ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುವವರನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ಅವರ ಪಕ್ಕದಲ್ಲೇ, ಈ ಮನುಷ್ಯನಿಗೂ ನನಗೂ ಏನೂ ಸಂಬಂಧವಿಲ್ಲ ಎನ್ನುವ ಹಾಗೆ ಶಾಮಿಯಾನದ ಬಟ್ಟೆ ನೋಡುತ್ತಾ ನಿಂತಿದ್ದೇನೆ. ಶಿಕಾರಿಪುರದ ಒಂದು ಕಲ್ಯಾಣ ಮಂಟಪದಲ್ಲಿ ಹಾಗೆ ಮೂರು ಕುರ್ಚಿಗಳನ್ನು ಬೇಡವೆಂದು ಪಕ್ಕಕ್ಕಿಟ್ಟು ನಾಲ್ಕನೆಯದರ ಮೇಲೆ ಕೂತರು. ಕೂತ ಮೇಲಾದರೂ ಸುಮ್ಮನಿದ್ದರೇ? ಟೇಬಲ್ಲಿನ ಅಡಿಗೆ ಕೈ ಹಾಕಿ ಬೆರಳಿನಿಂದ ತಡವತೊಡಗಿದರು. ಬಡಿಸುವವನು ಅನ್ನದ ಬುಟ್ಟಿ ಹಿಡಿದುಕೊಂಡೇ "ಏನ್ ಹುಡುಕ್ತೀರಿ ಯಜಮಾನ್ರೇ?" ಎಂದು ಕೇಳಿದ.

"ವೆಲ್ಡಿಂಗ್ ಹುಡುಕ್ತೀನಪ್ಪ, ಸಿಗವಲ್ದು" ಎಂದರು.

ಈ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಅಂಗಡಿಯ ಬೋರ್ಡಿನ ಮೇಲೂ ಹೆಸರಿರಲಿಲ್ಲ, 'ಇಲ್ಲಿ ವೆಲ್ಡಿಂಗ್ ಮಾಡಲಾಗುವುದು' ಎಂದಷ್ಟೇ ಇತ್ತು. ಅದರ ಕೆಳಗೆ ಸೀಮೆಸುಣ್ಣದಲ್ಲಿ ಅವರೇ ಬರೆದ ಇನ್ನೊಂದು ಸಾಲು: 'ಅವಸರ ಇದ್ದವರು ಮುಂದಿನ ಅಂಗಡಿಗೆ ಹೋಗಿರಿ.' ಮುಂದಿನ ಅಂಗಡಿಯವನು ಆ ಒಂದು ಸಾಲಿನಿಂದಲೇ ತಾರಸಿ ಮನೆ ಕಟ್ಟಿಸಿದ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು.

ಅವಸರದವರನ್ನು ಹೀಗೆ ಓಡಿಸುತ್ತಿದ್ದ ಈ ಮನುಷ್ಯ ತಾವು ಮಾತ್ರ ಒಂದು ಕಡೆ ನಿಂತವರಲ್ಲ. ತಿಂಡಿ ತಿನ್ನುವಾಗ ತಟ್ಟೆ ಹಿಡಿದು ಅಂಗಡಿಯ ಉದ್ದಕ್ಕೂ ಓಡಾಡುವರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಹೋಗಿ ಬಾಗಿಲಿನ ಸರಳಿನ ಬುಡ ನೋಡುವರು. ಬೇರೆಯವರ ಮನೆಯ ಗೇಟು, ಶಾಲೆಯ ಬೆಂಚು, ಬೋರ್‌ವೆಲ್ಲಿನ ಹಿಡಿಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ಎದುರಿಗಿದ್ದವರಿಗೆ ತಲೆ ಸುತ್ತು ಬರಬೇಕು. ರಾಡು ಸಿಕ್ಕಿಸಿದ ಹೋಲ್ಡರ್ ಹಿಡಿದು ಕಿಡಿ ಹೊತ್ತಿಸಿದರೆ ಮಾತ್ರ ಬೇರೆಯೇ ಮನುಷ್ಯ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಉಸಿರನ್ನೂ ಮೆಲ್ಲಗೆ ಬಿಡುತ್ತಾ, ಒಂದು ರಾಡು ಕರಗಿ ಮುಗಿಯುವವರೆಗೆ ಅಲುಗುತ್ತಿರಲಿಲ್ಲ. ರಾಡು ಮುಗಿದ ತಕ್ಷಣ ಮತ್ತೆ ಓಡಾಟ ಶುರು.

ನಾನು ಸೊರಬದವನು. ಐ.ಟಿ.ಐ. ಮುಗಿಸಿ, ಎರಡು ವರ್ಷ ಒಂದು ಕಾರ್ಖಾನೆಯಲ್ಲಿ ದುಡಿದು, ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು ಅವರ ಬಳಿ ಕೆಲಸ ಕೇಳಲು ಹೋದಾಗ ನನಗೆ ಇಪ್ಪತ್ತಾರು ವರ್ಷ. ಸರ್ಟಿಫಿಕೇಟನ್ನು ಅವರು ಕೈಯಿಂದ ಮುಟ್ಟಲಿಲ್ಲ. ಎರಡು ಕಬ್ಬಿಣದ ಪಟ್ಟಿ ಕೊಟ್ಟು "ಸೇರ್ಸು" ಎಂದರು. ನಾನು ಇದ್ದಬದ್ದ ವಿದ್ಯೆಯನ್ನೆಲ್ಲ ಹಾಕಿ ಸೇರಿಸಿದೆ. ಮೇಲಿನ ಕಿಟ್ಟ ಕೆರೆದಾಗ ವೆಲ್ಡಿಂಗಿನ ಗೆರೆ ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟಷ್ಟು ಒಪ್ಪವಾಗಿ ಕಂಡಿತು. ಹೊಗಳಿಕೆಗೆ ಕಾದು ನಿಂತೆ. ಅವರು ಅದನ್ನು ಗರಗಸದಲ್ಲಿ ಅಡ್ಡಕ್ಕೆ ಕೊಯ್ದು, ಕೊಯ್ದ ಮುಖವನ್ನು ಉಜ್ಜಿ ನುಣುಪು ಮಾಡಿ, ಬ್ಯಾಟರಿಗೆ ಹಾಕುವ ಆಸಿಡ್ಡನ್ನು ಬಟ್ಟೆಯ ತುದಿಯಿಂದ ಒರೆಸಿದರು. ಸ್ವಲ್ಪ ಹೊತ್ತಿಗೆ ಆ ಮುಖದ ಮೇಲೆ ಒಂದು ಗೆರೆ ಮೂಡಿತು. ಗೆರೆಯ ಮೇಲಿನದು ನಾನು ಕರಗಿಸಿ ಹಾಕಿದ ಲೋಹ, ಕೆಳಗಿನದು ಪಟ್ಟಿ. ನನ್ನ ಲೋಹ ಪಟ್ಟಿಯೊಳಗೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ ಇಟ್ಟ ಹಾಗೆ ಮೇಲೆಯೇ ಕೂತಿತ್ತು.

"ರಂಗೋಲಿ ಚಲೋ ಹಾಕೀಯ. ವೆಲ್ಡಿಂಗ್ ಯಾವಾಗ ಮಾಡ್ತಿ?" ಎಂದರು.

ನಾನು ಮುಖ ಉಳಿಸಿಕೊಳ್ಳಲು "ಪೆನಿಟ್ರೇಶನ್ ಸ್ವಲ್ಪ ಕಮ್ಮಿ ಆಗಿದೆ ಮೇಸ್ತ್ರೀ" ಎಂದೆ.

"ಅದಕ್ಕೆ ಅಷ್ಟುದ್ದ ಹೆಸರೈತೇನು? ನಾವು ಇಳಿಯೋದು ಅಂತೀವಿ. ನಾಳೆಯಿಂದ ಬಾ."

ಇಳಿಸುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಎರಡು ಪಟ್ಟಿಗಳ ಅಂಚನ್ನು ಮೊದಲು ಓರೆಯಾಗಿ ಸವೆಸಬೇಕು. ಮಧ್ಯೆ ಸಣ್ಣ ಸಂದು ಬಿಡಬೇಕು. ಮೊದಲ ಸಾಲು ಹಾಕುವಾಗ ಕರಗಿದ ಲೋಹದ ಮುಂದೆ ತೊಗರಿ ಬೇಳೆಯಷ್ಟು ಒಂದು ತೂತು ಕಾಣುತ್ತಾ ಹೋಗಬೇಕು. ಅದು ಕಾಣುತ್ತಿರುವವರೆಗೆ ಬೆಂಕಿ ತಳ ಮುಟ್ಟುತ್ತಿದೆ ಎಂದರ್ಥ. "ತೂತು ಮುಚ್ಚಿತೋ, ನೀನು ಬರೇ ಬಳಿಯಾಕತ್ತೀಯ. ದೊಡ್ಡದಾತೋ, ಸುಟ್ಟಿ. ಅದರ ಮ್ಯಾಲಿಂದ ಕಣ್ಣು ತೆಗೀಬ್ಯಾಡ, ನಿಮ್ಮಪ್ಪ ಬಂದು ಕರೆದ್ರೂ ತೆಗೀಬ್ಯಾಡ" ಎನ್ನುತ್ತಿದ್ದರು. ಪ್ರತಿ ಕೆಲಸದ ಕೊನೆಗೆ ಒಂದೇ ಪ್ರಶ್ನೆ: "ಇಳಿದೈತೇನು?" ಇಳಿದಿದ್ದರೆ ಇಳಿದಿದೆ, ಇಲ್ಲದಿದ್ದರೆ ಇಲ್ಲ ಎನ್ನಬೇಕು. ಇಲ್ಲ ಎಂದರೆ ಬೈಗುಳವಿರಲಿಲ್ಲ. ಗ್ರೈಂಡರ್ ಕೈಗೆ ಕೊಟ್ಟು "ತೆಗಿ, ಮತ್ತೆ ಹಾಕು" ಎನ್ನುತ್ತಿದ್ದರು.

ಅವರ ಅಂಗಡಿಯಲ್ಲಿ ಇನ್ನೊಂದು ಕಾಟವಿತ್ತು. ಶಿಕಾರಿಪುರದಿಂದ ಅಂಜನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲಗದ್ದೆ ಶುರುವಾಗುವ ಕಡೆ ಇದ್ದ ಅಂಗಡಿ ಅದು. ತ್ರೀಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತಿದ್ದವು, ವೋಲ್ಟೇಜು ಬೀಳುತ್ತಿತ್ತು. ವೋಲ್ಟೇಜು ಬಿದ್ದರೆ ಕಿಡಿಯೇನೋ ಹತ್ತುತ್ತದೆ, ರಾಡೂ ಕರಗುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ. ಅದಕ್ಕೇ ವೆಲ್ಡಿಂಗ್ ಸೆಟ್ಟಿನ ಮೇಲೆ ಹಳೇ ಕಾಲದ ತಂತಿ ಬಲ್ಬೊಂದನ್ನು ನೇತುಹಾಕಿದ್ದರು. ಬಲ್ಬು ಕೆಂಪಾದರೆ ಕೆಲಸ ಬಂದ್. ಗಿರಾಕಿ ಬೈಯಲಿ, ಕಾಲಿಗೆ ಬೀಳಲಿ, ಹೋಲ್ಡರ್ ಮುಟ್ಟುತ್ತಿರಲಿಲ್ಲ. ಆ ಎರಡು ಮೂರು ಗಂಟೆ ಅವರು ಬೋನಿನಲ್ಲಿ ಹಾಕಿದವರಂತೆ ಒದ್ದಾಡುತ್ತಿದ್ದರು. ಬಲ್ಬಿನ ಕೆಳಗೆ ಹೋಗಿ ಬರುವುದು, ರಸ್ತೆಗೆ ಹೋಗಿ ಬರುವುದು, ಮತ್ತೆ ಬಲ್ಬು ನೋಡುವುದು.

ನನ್ನ ತಪ್ಪು ನಡೆದದ್ದು ಇಂಥದೇ ಒಂದು ಮಧ್ಯಾಹ್ನ, ನಾನು ಸೇರಿದ ಮೂರನೆಯ ವರ್ಷ. ಬೇಸಿಗೆ ಭತ್ತದ ನಾಟಿ ನಡೆಯುತ್ತಿತ್ತು. ಮೇಸ್ತ್ರಿ ನೆಂಟರ ಮನೆಗೆ ಹೋಗಿದ್ದರು. ಗುರುತಿಲ್ಲದ ಒಬ್ಬ ರೈತ ನೀಲಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯಿದೆಯಲ್ಲ, ಅದನ್ನು ಹಿಡಿದಿರುವ ದಪ್ಪ ಪಟ್ಟಿ ಸೀಳಿ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಬಲ್ಬು ನೋಡಿದರೆ ಕೆಂಪಗಿದೆ. ಸಂಜೆವರೆಗೆ ಕಾಯಬೇಕು ಎಂದೆ.

"ಆಗಂಗಿಲ್ರೀ. ನಾಳೆ ಬೆಳಿಗ್ಗೆ ನಾಟಿಗೆ ಹೆಣ್ಣಾಳು ತುಂಬ್ಕೊಂಡು ಹೋಗ್ಬೇಕು. ಗದ್ದೆಗೆ ನೀರು ಬಿಟ್ಟೈತಿ."

"ಮೇಸ್ತ್ರಿ ಇಲ್ಲ."

"ನೀವೂ ಮೇಸ್ತ್ರಿನೇ ಅಲ್ಲೇನ್ರೀ?"

ಆ ಮಾತಿಗೆ ನಾನು ಬಿದ್ದೆ. ಅದುವರೆಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಸೀಳಿದ ಭಾಗವನ್ನು ಕತ್ತರಿಸಿ ಹೊಸ ಪಟ್ಟಿ ಕೂರಿಸಬೇಕಿತ್ತು, ಅಂಚು ಸವೆಸಬೇಕಿತ್ತು, ಎಲ್ಲಕ್ಕಿಂತ ಮೊದಲು ಬಲ್ಬು ಬೆಳ್ಳಗಾಗುವವರೆಗೆ ಕಾಯಬೇಕಿತ್ತು. ನಾನು ಮಾಡಿದ್ದು ಬೇರೆ. ಮೂರು ರಾಡುಗಳನ್ನು ತೆಗೆದುಕೊಂಡು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮೇಲಿನ ಬೂದು ಲೇಪವನ್ನು ಉದುರಿಸಿ, ಬರಿಯ ಕಡ್ಡಿಗಳನ್ನು ಆ ಸಂದಿನೊಳಗೆ ಒತ್ತಿ ತುಂಬಿ, ಅದರ ಮೇಲೆ ವೆಲ್ಡಿಂಗ್ ಎಳೆದೆ. ಕೆಲಸಗಳ್ಳ ವೆಲ್ಡರುಗಳಿಗೆಲ್ಲ ಗೊತ್ತಿರುವ ಮೋಸ ಇದು. ಒಳಗೆ ಕಡ್ಡಿಗಳು ಕರಗದೆ ಸುಮ್ಮನೆ ಮಲಗಿರುತ್ತವೆ, ಮೇಲೆ ಒಂದು ತೆಳು ಹೊದಿಕೆ. ನೋಡಲು ಬಹಳ ಚೆನ್ನಾಗಿ ಬಂತು. ಮೇಲೆ ನೀಲಿ ಬಣ್ಣವನ್ನೂ ಬಳಿದುಕೊಟ್ಟೆ. ಅವನು ನನ್ನನ್ನು ಇನ್ನೂ ಎರಡು ಸಲ ಮೇಸ್ತ್ರೀ ಎಂದು ಕರೆದು ಹೊರಟುಹೋದ.

ಸಂಜೆ ಮೇಸ್ತ್ರಿ ಬಂದರು. ಏನು ಕೆಲಸ ಬಂದಿತ್ತು ಎಂದರು, ಒಂದು ಟ್ರಾಲಿ ಕೊಂಡಿ ಎಂದೆ.

"ಇಳಿದೈತೇನು?"

"ಇಳಿದೈತಿ ಮೇಸ್ತ್ರೀ" ಎಂದೆ. ಅವರ ಮಾತಿನಲ್ಲೇ ಹೇಳಿದರೆ ನಂಬುತ್ತಾರೆ ಎಂದು ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ.

ಬೆಳಿಗ್ಗೆ ಅಂಗಡಿಯ ಕಸವನ್ನು ಅವರೇ ಗುಡಿಸುತ್ತಿದ್ದರು. ಅಂದು ಗುಡಿಸುತ್ತಾ ಗುಡಿಸುತ್ತಾ ನಿಂತುಬಿಟ್ಟರು. ಬಗ್ಗಿ, ನೆಲದಿಂದ ಒಂದಿಷ್ಟು ಬೂದು ಚೂರುಗಳನ್ನು ಅಂಗೈಗೆ ತೆಗೆದುಕೊಂಡು ನನ್ನ ಮುಂದೆ ಹಿಡಿದರು. ವೆಲ್ಡಿಂಗ್ ಮಾಡಿದರೆ ರಾಡಿನ ಲೇಪ ಉರಿದು ಕಪ್ಪು ಕಿಟ್ಟವಾಗುತ್ತದೆ. ಉರಿಯದೆ, ಹಸಿಯಾಗಿ, ಚೂರು ಚೂರಾಗಿ ನೆಲದ ಮೇಲೆ ಬಿದ್ದಿದೆ ಎಂದರೆ ಯಾರೋ ರಾಡು ಸುಲಿದಿದ್ದಾರೆ. ಬೇರೆ ಯಾರಿಗೂ ಅದು ಬರಿಯ ಕಸ.

"ಎಷ್ಟು ಸುಲಿದಿ?"

"ಮೂರು."

"ಯಾವೂರು ಟ್ರಾಲಿ?"

"ಕೇಳ್ಲಿಲ್ಲ ಮೇಸ್ತ್ರೀ. ಫೋನಿನಲ್ಲಿ ಯಾರಿಗೋ ಕುಪ್ಪಗಡ್ಡೆ ಅಂತ ಹೇಳ್ತಿದ್ದ. ಬೆಳಿಗ್ಗೆ ನಾಟಿಗೆ ಹೆಣ್ಣಾಳು ಕರ್ಕೊಂಡು ಹೋಗೋದಿದೆ ಅಂದಿದ್ದ."

ಅವರು ಕೈಯಲ್ಲಿದ್ದ ಚೂರುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಶಟರ್ ಎಳೆದರು. ಅವರ ಟಿ.ವಿ.ಎಸ್. ಮೇಲೆ ಇಬ್ಬರೂ ಹೊರಟೆವು. ಒಂದು ಮಾತು ಬೈಯಲಿಲ್ಲ. ಎರಡು ಏಟು ಬಿಟ್ಟಿದ್ದರೆ ನನ್ನ ಪಾಲಿಗೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ತಾಳಗುಂದದ ಕಡೆಯಿಂದ ಹಿಡಿದು ಕುಪ್ಪಗಡ್ಡೆಯವರೆಗೆ, ನೀರು ನಿಲ್ಲಿಸಿದ ಗದ್ದೆ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದೆವು. ಟ್ರಾಲಿ ಕಂಡಲ್ಲೆಲ್ಲ ಮೇಸ್ತ್ರಿ ಓಡಿಹೋಗಿ ಕೊಂಡಿಯ ಅಡಿಗೆ ಬಗ್ಗುತ್ತಿದ್ದರು. ನೀಲಿ ಟ್ರಾಲಿಗಳು ಇಷ್ಟೊಂದಿವೆ ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಒಂದು ಗದ್ದೆಯಲ್ಲಿ ಕೆಸರಿನಲ್ಲಿ ಸಾಲಾಗಿ ನಿಂತಿದ್ದ ಹೆಂಗಸರನ್ನು ಅವರು ಬದುವಿನ ಮೇಲೆ ನಿಂತು ಕೇಳಿದರು: "ಯಾರ ಟ್ರಾಲಿಯಾಗೆ ಬಂದ್ರಮ್ಮಾ?"

"ಯಾಕ್ರೀ ಅಣ್ಣಾ, ಸಂಜಿಗೆ ನೀವು ಬಿಟ್ಟು ಬರ್ತೀರಾ?" ಎಂದು ಒಬ್ಬಾಕೆ ಸಸಿಯ ಕಟ್ಟು ಹಿಡಿದೇ ನಕ್ಕಳು. ಉಳಿದವರೂ ನಕ್ಕರು.

ಮೇಸ್ತ್ರಿ ನಗಲಿಲ್ಲ. ಅವರ ಕಣ್ಣು ಆ ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಎಷ್ಟು ಜನ ಎಂದು ಅವರು ಎಣಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನೂ ಎಣಿಸಿದೆ. ಹದಿನೇಳು ಜನ. ಅವರು ಬಂದದ್ದು ಬೇರೆ ಟ್ರಾಲಿಯಲ್ಲಿ. ಆದರೂ ಆ ಹದಿನೇಳು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಎರಡು ದಿನ ತಿರುಗಿದೆವು, ಸಿಗಲಿಲ್ಲ. ಎರಡನೆಯ ದಿನ ಸಂಜೆ ಅಂಗಡಿಯ ಮುಂದೆ ಇಳಿದು, ಗಾಡಿಗೆ ಸ್ಟ್ಯಾಂಡ್ ಹಾಕುತ್ತಾ ಹೇಳಿದರು: "ಅದು ಮುರಿಯೋದಕ್ಕಿಂತ ಮೊದಲು ಸಿಗಬೇಕು. ನಾನೂ ಹುಡುಕ್ತೀನಿ, ನೀನೂ ಹುಡುಕು. ಸಿಗೋತನಕ ಬಿಡಬ್ಯಾಡ." ಮರುದಿನ ಎಂದಿನಂತೆ ಕೆಲಸ ಕೊಟ್ಟರು. ಎಂದಿನಂತೆ ಇಳಿದೈತೇನು ಎಂದು ಕೇಳಿದರು. ನಾನು ಹೂಂ ಎಂದರೆ ನಂಬಿದರು. ಅದು ನನಗೆ ಬಹಳ ಕಷ್ಟವಾಯಿತು.

ಅಲ್ಲಿಂದ ಮುಂದೆ ನನ್ನ ಬಾಳೂ ಅವರದರಂತೆಯೇ ಆಯಿತು ಅನ್ನಿ. ಒಂದು ಕಡೆ ಕೂರಲಾರೆ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ಜಿಲ್ಲೆಯ ಪುಟ. 'ಟ್ರಾಲಿ ಪಲ್ಟಿ' ಎಂಬ ಎರಡು ಶಬ್ದ ಕಂಡರೆ ಸಾಕು, ಕೈಯಲ್ಲಿದ್ದ ಚಹಾ ಕೆಳಗಿಡುತ್ತಿದ್ದೆ. ಯಾವ ಊರು, ಎಷ್ಟು ಜನ, ಕೊಂಡಿ ಮುರಿದದ್ದೋ ಹಳ್ಳಕ್ಕೆ ಇಳಿದದ್ದೋ ಎಂದು ಓದಿ, ಅದರಲ್ಲಿ ಬರೆದಿರದಿದ್ದರೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಅಲ್ಲಿ ಹೋಗಿ ಗಾಯಗೊಂಡವರನ್ನು ವಿಚಾರಿಸುವ ಬದಲು ಟ್ರಾಲಿಯ ಅಡಿಗೆ ನುಗ್ಗುವ ನನ್ನನ್ನು ಜನ ಏನೆಂದುಕೊಂಡರೋ.

ಎರಡು ವರ್ಷದ ಮೇಲೆ ಸೊರಬದಲ್ಲಿ ಸ್ವಂತ ಅಂಗಡಿ ಹಾಕಿದೆ. ಹುಡುಕಾಟ ಬಿಡಲಿಲ್ಲ. ರಸ್ತೆಯಲ್ಲಿ ಹೋಗುವ ಟ್ರಾಲಿಗೆ ಕೈ ಅಡ್ಡ ಹಿಡಿದು "ಒಂದ್ನಿಮಿಷ ಮಾರಾಯ್ರೆ, ಕೊಂಡಿ ನೋಡ್ತೀನಿ" ಎನ್ನುತ್ತಿದ್ದೆ. ಒಬ್ಬ ಡ್ರೈವರ್ ನಾನು ದುಡ್ಡು ಕೀಳಲು ಬಂದವನೆಂದು ತಿಳಿದು ಕೆನ್ನೆಗೆ ಬಾರಿಸಿದ. ಊರಿನಲ್ಲಿ ಟ್ರಾಲಿ ಹುಚ್ಚ ಎಂದು ಹೆಸರಾಯಿತು. ಹೆಣ್ಣು ನೋಡಲು ಹೋದ ದಿನವೂ ಆ ಮನೆಯ ಅಂಗಳದಲ್ಲಿದ್ದ ಟ್ರಾಲಿಯ ಕೆಳಗೆ ಬಗ್ಗಿದ್ದೆ. "ಅವತ್ತೇ ನಂಗೆ ಗೊತ್ತಾಗ್ಬೇಕಿತ್ತು" ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ನನ್ನ ಟ್ರಾಲಿ ಸಿಗಲಿಲ್ಲ. ಬೇರೆಯವರ ಬಿರುಕುಗಳು ಸಿಕ್ಕವು. ಸಿಕ್ಕಿದ್ದನ್ನು ಬಿಟ್ಟು ಬರಲಾಗದೆ ಅಂಗಡಿಗೆ ಕರೆದು ತಂದು, ಕೊಯ್ದು, ತಳದಿಂದ ವೆಲ್ಡಿಂಗ್ ಹಾಕಿ ಕಳಿಸುತ್ತಿದ್ದೆ.

ಮಗಳು ಹುಟ್ಟಿದಾಗ ಮೇಸ್ತ್ರಿ ಸೊರಬಕ್ಕೆ ಬಂದರು. ತೊಟ್ಟಿಲು ನೇತುಹಾಕಲು ತಾವೇ ಮಾಡಿದ ಕಬ್ಬಿಣದ ಸ್ಟ್ಯಾಂಡನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದರು. ಅದಕ್ಕೆ ಜೋತುಬಿದ್ದು, ಕಾಲೆತ್ತಿ, ತಮ್ಮ ಪೂರ್ತಿ ಭಾರ ಬಿಟ್ಟು ತೋರಿಸಿದ ಮೇಲೆಯೇ ಮಗುವಿನ ಮುಖ ನೋಡಿದ್ದು. ಎರಡು ನಿಮಿಷ ಕೂತರು, ಎದ್ದರು, ಮತ್ತೆ ಕೂತರು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು.

"ಟ್ರಾಲಿ ಸಿಕ್ತೇನು?"

"ಇಲ್ಲ ಮೇಸ್ತ್ರೀ."

"ಹುಡುಕು" ಎಂದು ಹೇಳಿ ಹೋದರು. ಆಮೇಲೆ ಸಿಕ್ಕಾಗಲೆಲ್ಲ ಇದೇ ಪ್ರಶ್ನೆ, ಇದೇ ಉತ್ತರ. ಹೀಗೆ ಏಳು ವರ್ಷ ಹೋಯಿತು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಮುಂದಿನ ವಾರ ಒಂದು ಬೆಳಿಗ್ಗೆ ಶಿಕಾರಿಪುರದ ಬಸ್ಸು ಹತ್ತಿದೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕ ಅತ್ತು ಮುಗಿಸಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ, ಹೇಗೆ ಹೋದರು ಎಂದೆಲ್ಲ ಹೇಳಿದರು. ಆಮೇಲೆ ಕೇಳಿದರು.

"ನೀವಿನ್ನೂ ಟ್ರಾಲಿ ಹುಡುಕ್ತೀರೇನ್ರೀ?"

"ಹುಡುಕ್ತೀನಕ್ಕ. ಬರುವಾಗ ಬಸ್ಸಿಂದ ಇಳಿದವನೇ ಸ್ಟ್ಯಾಂಡಿನ ಹತ್ರ ಎರಡು ನೋಡ್ದೆ."

ಅಕ್ಕ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಭಾರದ ವಸ್ತುವನ್ನು ತಂದು ನನ್ನ ಮುಂದೆ ಇಟ್ಟರು. ಬಿಚ್ಚಿದೆ. ಅಂಗೈ ಅಗಲದ ಕಬ್ಬಿಣದ ತುಂಡು. ಒಂದು ಬದಿಯಲ್ಲಿ ನೀಲಿ ಬಣ್ಣ. ಕೊಯ್ದ ಮುಖವನ್ನು ಉಜ್ಜಿ ಆಸಿಡ್ ಒರೆಸಿದ್ದರು. ಮೇಲೆ ನನ್ನ ತೆಳು ಹೊದಿಕೆ, ಅದರ ಕೆಳಗೆ ಒತ್ತೊತ್ತಾಗಿ ಮೂರು ದುಂಡನೆಯ ಚುಕ್ಕೆಗಳು. ನಾನು ಇಟ್ಟ ಮೂರು ಕಡ್ಡಿಗಳು, ಇಟ್ಟ ಹಾಗೆಯೇ ಇದ್ದವು.

"ತಾಳಗುಂದದ ಹತ್ರ ಕುರಿ ಸಾಕೋರ ಮನಿ ಹಿತ್ತಲಾಗೆ ಸಿಕ್ತಂತೆ" ಎಂದರು ಅಕ್ಕ. "ಮಾರಿ ಮಾರಿ ಅವರ ಕೈಗೆ ಬಂದಿತ್ತಂತೆ. ಟಯರೂ ಇರಲಿಲ್ಲ. ಕುರಿಮರಿ ಕೂಡಾಕಿದ್ರಂತೆ ಅದ್ರಾಗೆ. ಓಡೋದು ಬಿಟ್ಟು ಮೂರು ವರ್ಷ ಆಗೈತಿ ಅಂದ್ರೂ ಕೇಳದೆ, ಮರಿ ಎಲ್ಲ ಹೊರಗೆ ಬಿಡಿಸಿ, ಕೊಯ್ದು, ಹೊಸಾ ಪಟ್ಟಿ ಹಾಕಿ ಬಂದ್ರು. ನಾಳೆ ಯಾರರೆ ಟಯರ್ ಹಾಕಿಸಿದ್ರೆ ಅಂತ."

"ಯಾವಾಗ ಅಕ್ಕಾ?"

"ನಿಮ್ಮ ಮಗಳು ಹುಟ್ಟಿದ ವರ್ಷ. ತೊಟ್ಟಿಲ ಸ್ಟ್ಯಾಂಡ್ ತಂದುಕೊಟ್ರಲ್ಲ, ಅದಕ್ಕೂ ಮೊದಲು."

ನಾನು ಲೆಕ್ಕ ಹಾಕಲು ಹೋಗಲಿಲ್ಲ. ಬಾಗಿಲಲ್ಲಿ ನಿಂತು ಸಿಕ್ತೇನು ಎಂದು ಕೇಳಿದ ಮುಖ ಕಣ್ಣ ಮುಂದೆ ಬಂತು. ಆ ಟ್ರಾಲಿ ಆಗಲೇ ಅವರಿಗೆ ಸಿಕ್ಕಿತ್ತು. ಅದರಿಂದ ಯಾರೂ ಬಿದ್ದಿರಲಿಲ್ಲ, ಯಾರೂ ಸತ್ತಿರಲಿಲ್ಲ, ಅದರೊಳಗೆ ಕುರಿಮರಿಗಳು ಮಲಗಿದ್ದವು.

"ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳಿದೆ. ಪಾಪ, ಆ ಸೊರಬದಾತಗೆ ಹೇಳಬಾರದೇನ್ರೀ ಅಂದೆ. ಹೇಳಿದ್ರೆ ಹುಡುಕೋದು ಬಿಡ್ತಾನ ಅಂದ್ರು. ಬಿಟ್ರೆ ಬಿಡ್ಲಿ, ಸಿಕ್ಕೈತಲ್ಲ ಅಂದೆ. ಅದಕ್ಕೆ ಎದ್ದು ಹೊರಗೆ ಹೋದ್ರು. ಅವರು ಇರೋತನಕ ಬಾಯಿ ಮುಚ್ಕೊಂಡಿದ್ದೆ. ಈಗ ನನ್ನ ಕೈಲಿ ಆಗಂಗಿಲ್ಲ."

ಗೋಡೆಗೆ ಹಾಕಿದ್ದ ಅವರ ಫೋಟೋ ಕಡೆ ತಿರುಗಿದೆ. ಸಿಟ್ಟು ನೆತ್ತಿಗೇರಿತ್ತು. ಸತ್ತವರ ಮನೆ ಎನ್ನುವುದನ್ನೂ ಮರೆತು "ನೀವು ಮಾಡಿದ್ದು ಅನ್ಯಾಯ ಮೇಸ್ತ್ರೀ. ಏಳು ವರ್ಷ ನಾನು ನೆಮ್ಮದಿಯಿಂದ ಒಂದು ಪೇಪರ್ ಓದ್ಲಿಲ್ಲ" ಎಂದು ಜೋರಾಗಿಯೇ ಹೇಳಿದೆ. ಮುಂದೆ ಏನೇನು ಅಂದೆನೋ ನೆನಪಿಲ್ಲ, ಅಳುತ್ತಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು.

"ಅನ್ರೀ, ಇನ್ನೂ ಅನ್ರೀ. ನಾನೂ ದಿನಾ ಅಂತೀನಿ" ಎಂದರು ಅಕ್ಕ. ಆಮೇಲೆ ಆ ತುಂಡನ್ನು ತೋರಿಸಿ, "ಇದನ್ನ ಒಯ್ತೀರೇನು?" ಎಂದು ಕೇಳಿದರು.

ಬೇಡ ಎಂದೆ. ಅವರು ಅದನ್ನು ಒಳಗಿಟ್ಟು ಬಂದು ಊಟಕ್ಕೆ ಬಡಿಸಿದರು. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಮಜ್ಜಿಗೆ. ಎಲ್ಲವನ್ನೂ ತಿಂದೆ. ಕೈ ತೊಳೆದು ಬಂದು, ಐದು ನಿಮಿಷ ಬೆನ್ನು ನೆಟ್ಟಗೆ ಮಾಡಿ ಹೊರಡೋಣ ಎಂದು ಅದೇ ಚಾಪೆಯ ಮೇಲೆ ಅಡ್ಡಾದೆ.

ಅಕ್ಕ ಭುಜ ಅಲುಗಾಡಿಸಿದಾಗ ಅಂಗಳದ ಬಿಸಿಲು ಹೋಗಿತ್ತು. "ಎಷ್ಟು ಎಬ್ಬಿಸಿದ್ರೂ ಏಳ್ಲಿಲ್ರೀ ನೀವು. ಸೊರಬದ ಬಸ್ಸು ಹೋತು" ಎಂದರು. ಹೋಗಲಿ ಬಿಡಕ್ಕ ಎಂದು ಮಗ್ಗುಲು ಬದಲಿಸಿ ಮತ್ತೆ ಮಲಗಿದೆ.